ಕೈಗೆ ಕೂತದ್ದನ್ನು ಕೇಳದೆ ಕದಲಿಸಬೇಡಿ

ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರುಗಳಿಗೆ, ಆ್ಯಪ್ ವಿನ್ಯಾಸಕಾರರಿಗೆ ಮತ್ತು ಅವರ ಮ್ಯಾನೇಜರುಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ತಿಪಟೂರಿನಲ್ಲಿ ಡಿಟಿಪಿ ಮತ್ತು ಆನ್‌ಲೈನ್ ಸೇವೆಯ ಅಂಗಡಿ ಇಟ್ಟುಕೊಂಡಿರುವವಳು. ಲಗ್ನಪತ್ರಿಕೆ, ಕರಪತ್ರ, ಜೆರಾಕ್ಸು, ಪಹಣಿ, ಬಸ್ ಟಿಕೆಟ್ಟು, ಪರೀಕ್ಷೆಯ ಅರ್ಜಿ, ಇವು ನಮ್ಮ ಬೋರ್ಡಿನ ಮೇಲಿರುವ ಕೆಲಸಗಳು. ಬೋರ್ಡಿನಲ್ಲಿಲ್ಲದ ಇನ್ನೊಂದು ಕೆಲಸ ಈಚೆಗೆ ಸೇರಿಕೊಂಡಿದೆ. ರಾತ್ರಿ ಮಲಗುವಾಗ ಸರಿಯಾಗಿದ್ದು ಬೆಳಿಗ್ಗೆ ಏಳುವಷ್ಟರಲ್ಲಿ ಬದಲಾಗಿಹೋದ ಫೋನುಗಳನ್ನು ಅವುಗಳ ಯಜಮಾನರಿಗೆ ಮತ್ತೆ ಪರಿಚಯ ಮಾಡಿಸಿಕೊಡುವ ಕೆಲಸ ಅದು. ಅದಕ್ಕೆ ಕೆಲವರಿಂದ ಇಪ್ಪತ್ತು ರೂಪಾಯಿ ತೆಗೆದುಕೊಳ್ಳುತ್ತೇನೆ, ಕೆಲವರಿಂದ ತೆಗೆದುಕೊಳ್ಳಲು ಮನಸ್ಸು ಬರುವುದಿಲ್ಲ. ಒಟ್ಟಿನಲ್ಲಿ ನೀವು ಅಪ್‌ಡೇಟ್ ಕಳಿಸಿದಷ್ಟೂ ನನಗೆ ವ್ಯಾಪಾರ. ನೀವು ಈ ಪತ್ರದ ಮಾತು ಕೇಳಿದರೆ ನನ್ನ ಗಿರಾಕಿಗಳು ಕಡಿಮೆಯಾಗುತ್ತಾರೆ. ಆದರೂ ಬರೆಯುತ್ತಿದ್ದೇನೆ.

ನಿಮಗೆ ಬರೆಯಲು ನನಗೆ ಸಲುಗೆಯೂ ಇದೆ. ನಿಮ್ಮಲ್ಲಿ ಎಷ್ಟೋ ಜನ ನಮ್ಮಂಥ ಊರುಗಳಿಂದಲೇ ಹೋದವರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಜೆರಾಕ್ಸ್ ಮಾಡಿಸಿದ್ದು, ಸಿಇಟಿ ಸೀಟಿಗೆ ಆಪ್ಷನ್ ತುಂಬಿದ್ದು ನನ್ನಂಥವರ ಅಂಗಡಿಯ ಬೆಂಚಿನ ಮೇಲೆ ಕೂತೇ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಾಗ ಅದೊಂದು ದೊಡ್ಡ ಸುದ್ದಿ. ಇವತ್ತು ಪ್ರಪಂಚದ ಹೆಸರಾಂತ ಫೋನು ಮತ್ತು ತಂತ್ರಾಂಶ ಎಷ್ಟೋ ಕಂಪನಿಗಳ ಎಂಜಿನಿಯರಿಂಗ್ ಕೇಂದ್ರಗಳು ನಿಮ್ಮ ವೈಟ್‌ಫೀಲ್ಡ್, ಬೆಳ್ಳಂದೂರಿನ ಆಸುಪಾಸಿನಲ್ಲಿವೆ. 'ಅಮೆರಿಕದಲ್ಲಿ ಯಾರೋ ತೀರ್ಮಾನ ಮಾಡ್ತಾರೆ, ನಾವೇನು ಮಾಡೋಣ' ಅನ್ನುವ ಮಾತು ಈಗ ಪೂರ್ತಿ ನಿಜವಲ್ಲ. ಆ ತೀರ್ಮಾನದ ಮೀಟಿಂಗಿನಲ್ಲಿ ನೀವೂ ಕೂತಿರುತ್ತೀರಿ.

ಮೊದಲು ನಾನು ಕಂಡದ್ದನ್ನು ಹೇಳುತ್ತೇನೆ. ಯಾವ ಬ್ಯಾಂಕು, ಯಾವ ಫೋನು ಎಂದು ಹೆಸರಿಸುವುದಿಲ್ಲ. ಒಬ್ಬರದೇ ದೋಷವಾಗಿದ್ದರೆ ಪತ್ರವನ್ನು ಅವರಿಗೇ ಬರೆಯುತ್ತಿದ್ದೆ.

ಹತ್ತಿರದ ಹಳ್ಳಿಯಿಂದ ಬರುವ ಹೆಂಗಸೊಬ್ಬರಿದ್ದಾರೆ. 'ಗೃಹಲಕ್ಷ್ಮಿ ದುಡ್ಡು ಬಿದ್ದಿದೆಯಾ ನೋಡಕ್ಕ' ಎಂದು ತಿಂಗಳಿಗೊಮ್ಮೆ ಫೋನು ಚಾಚುತ್ತಿದ್ದವರು. ನೀವೇ ನೋಡಿಕೊಳ್ಳಿ ಎಂದು ಬ್ಯಾಂಕಿನ ಆ್ಯಪ್ ತೆರೆಯುವುದನ್ನು ಹೇಳಿಕೊಟ್ಟೆ. ಓದು ಬಾರದಿದ್ದರೂ ಚುರುಕಾಗಿ ಕಲಿತರು: ಎರಡನೆಯ ಸಾಲು, ಎಡಗಡೆಯ ನೀಲಿ ಚೌಕ, ಆಮೇಲೆ ನಾಲ್ಕು ಅಂಕಿ. ತಮ್ಮ ಎರಡು ಸಾವಿರ ರೂಪಾಯಿ ಬಂತೋ ಇಲ್ಲವೋ ಎಂದು ಯಾರನ್ನೂ ಕೇಳದೆ ತಿಳಿದುಕೊಳ್ಳುವುದು ಅವರಿಗೆ ಸಣ್ಣ ಸಂಗತಿಯಾಗಿರಲಿಲ್ಲ. ಒಂದು ದಿನ ಆ್ಯಪ್ ಹೊಸ ರೂಪ ತಾಳಿತು. ನೀಲಿ ಚೌಕವಿದ್ದ ಜಾಗದಲ್ಲಿ ಸಾಲದ ಜಾಹೀರಾತು ಬಂದು ಕೂತಿತ್ತು. ರೂಢಿಯಂತೆ ಅಲ್ಲೇ ಒತ್ತಿದರು. ಅರ್ಜಿ ಮುಂದುವರಿಸಲು ಹೇಳುವ ಪುಟ ತೆರೆಯಿತು. ಹೆದರಿ, ಫೋನು ಆಫ್ ಮಾಡಿ, ಬಸ್ಸು ಹತ್ತಿ ಬಂದರು. ಸಾಲ ಮಂಜೂರಾಗಿರಲಿಲ್ಲ, ಏನೂ ಆಗಿರಲಿಲ್ಲ. ಆದರೆ ಅವತ್ತಿನಿಂದ ಆ ಆ್ಯಪನ್ನು ಅವರು ಮುಟ್ಟಿಲ್ಲ. ಮತ್ತೆ ತಿಂಗಳಿಗೊಮ್ಮೆ ಅಂಗಡಿಗೆ ಬರುತ್ತಾರೆ. ಬಸ್ಸೇನೋ ಶಕ್ತಿ ಯೋಜನೆಯಲ್ಲಿ ಉಚಿತ. ಕಳೆದುಹೋಗುವ ಅರ್ಧ ದಿನದ ಕೂಲಿ ಉಚಿತವಲ್ಲ.

ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಕರೆಂಟು ಬಿಲ್ಲು ಕಟ್ಟುವುದರಿಂದ ಹಿಡಿದು ರೈಲಿನ ಟಿಕೆಟ್ಟಿನವರೆಗೆ ಪ್ರತಿಯೊಂದಕ್ಕೂ ಒಂದು ನೋಟ್‌ಬುಕ್ ಇಟ್ಟಿದ್ದಾರೆ. 'ಮೂರು ಗೆರೆ ಒತ್ತುವುದು, ಕೆಳಗಿನಿಂದ ಎರಡನೆಯದು, ಮೂರು ಚುಕ್ಕಿ' ಎಂದು ಮುತ್ತಿನಂಥ ಅಕ್ಷರದಲ್ಲಿ ಹಂತಹಂತವಾಗಿ ಬರೆದಿದ್ದಾರೆ. ಈಗ ಆ ನೋಟ್‌ಬುಕ್ಕಿನಲ್ಲಿ ಉಳಿದ ಸಾಲಿಗಿಂತ ಕಾಟು ಹೊಡೆದ ಸಾಲುಗಳೇ ಹೆಚ್ಚು. ಅವರು ಯಂತ್ರಕ್ಕೆ ಹೆದರುವವರಲ್ಲ. ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: 'ನಮ್ಮ ಕಾಲದಲ್ಲಿ ಪಠ್ಯಪುಸ್ತಕ ಬದಲಾದರೆ ಜೂನ್ ತಿಂಗಳಲ್ಲಿ ಬದಲಾಗ್ತಿತ್ತು. ಮೊದಲೇ ಸುತ್ತೋಲೆ ಬರ್ತಿತ್ತು, ಮೇಷ್ಟ್ರುಗಳಿಗೆ ತರಬೇತಿ ಕೊಡ್ತಿದ್ದರು. ಇದು ವರ್ಷದ ನಡುವೆ, ನಡುರಾತ್ರಿ ಬದಲಾಗುತ್ತಲ್ಲಮ್ಮ, ಯಾರನ್ನ ಕೇಳಿ ಬದಲಾಯಿಸ್ತಾರೆ?'

ಕಣ್ಣು ಕಾಣದ ಸಂಗೀತದ ಮೇಷ್ಟ್ರೊಬ್ಬರ ಮಾತು ಇನ್ನೂ ಗಂಭೀರ. ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಸೌಲಭ್ಯದಿಂದ ಅವರು ಫೋನು ಬಳಸುತ್ತಾರೆ. ಬಲಕ್ಕೆ ಎಷ್ಟು ಸಲ ಸವರಿದರೆ ಹಣ ಕಳಿಸುವ ಜಾಗ, ಎಷ್ಟು ಸಲ ಸವರಿದರೆ ಹಿಂದಿನ ಲೆಕ್ಕ ಎಂಬುದೆಲ್ಲ ಬೆರಳಿಗೆ ಗೊತ್ತಿತ್ತು. ಅಪ್‌ಡೇಟ್ ಆದ ಮೇಲೆ ಫೋನು 'ಬಟನ್, ಬಟನ್, ಬಟನ್' ಎನ್ನತೊಡಗಿತು. ಹೊಸ ಚಿತ್ರಗಳನ್ನು ಬಿಡಿಸಿದವರು ಅವುಗಳಿಗೆ ಹೆಸರು ಕೊಡುವುದನ್ನು ಮರೆತಿದ್ದರು. ಶಿಷ್ಯನ ಕೈಗೆ ಫೋನು ಕೊಟ್ಟು ಪಿನ್ ಹೇಳಬೇಕಾಯಿತು. ಪಿನ್ ಯಾರಿಗೂ ಹೇಳಬೇಡಿ ಎಂದು ಬ್ಯಾಂಕು ಮತ್ತೆ ಮತ್ತೆ ಮೆಸೇಜು ಕಳಿಸುತ್ತದೆ. ಅದೇ ಬ್ಯಾಂಕಿನ ಆ್ಯಪು ಅವರನ್ನು ಪಿನ್ ಹೇಳುವ ಸ್ಥಿತಿಗೆ ತಂದು ನಿಲ್ಲಿಸಿತು.

ಇನ್ನು ಕೊಬ್ಬರಿ ಮಂಡಿಯಲ್ಲಿ ಕೆಲಸ ಮಾಡುವವರೊಬ್ಬರ ಕಥೆ ನೀವೂ ಊಹಿಸಬಲ್ಲಿರಿ. ಎಂಟು ಸಾವಿರದ ಫೋನು, ದಿನಕ್ಕೆ ಒಂದೂವರೆ ಜಿಬಿ ಡೇಟಾ. ಆ್ಯಪುಗಳು ಅಪ್‌ಡೇಟ್ ಆಗುವ ಹೊತ್ತಿಗೆ ಅವತ್ತಿನ ಡೇಟಾ ಖಾಲಿ, ಮೇಲೆ 'ಸ್ಟೋರೇಜ್ ಫುಲ್'. ಜಾಗ ಮಾಡಲು ಏನನ್ನು ಅಳಿಸಬೇಕು? ಮೊಮ್ಮಗಳ ನಾಮಕರಣದ ವಿಡಿಯೊವನ್ನು. ಏನು ಹೊಸದು ಬಂತು ಎಂದು ಕೇಳಿದರೆ ಆ್ಯಪ್ ಸ್ಟೋರಿನಲ್ಲಿ ಬರೆದಿರುವುದು ಇಷ್ಟೇ: ಕೆಲವು ದೋಷಗಳನ್ನು ಸರಿಪಡಿಸಿದ್ದೇವೆ, ವೇಗ ಸುಧಾರಿಸಿದ್ದೇವೆ.

ಈ ನಾಲ್ವರಲ್ಲಿ ಯಾರೂ ದಡ್ಡರಲ್ಲ. ನಾಲ್ವರೂ ಕಲಿತಿದ್ದರು. ಅವರು ಕಲಿತದ್ದನ್ನು ನೀವು ಅಳಿಸಿಹಾಕಿದಿರಿ. ನಾನು ಹೇಳಬೇಕೆಂದಿರುವುದು ಇದನ್ನೇ. ಒಂದು ಸಾಧನಕ್ಕೆ ಕೈ ಪಳಗಲು ಬಳಸುವವರು ಹೊತ್ತು, ತಾಳ್ಮೆ, ಎಷ್ಟೋ ಸಲ ನಾಲ್ಕು ಜನರೆದುರು ಮರ್ಯಾದೆಯನ್ನೂ ತೆತ್ತಿರುತ್ತಾರೆ. ಫೋನಿಗೆ ಕೊಟ್ಟ ದುಡ್ಡಿನ ಜೊತೆಗೆ ಅವರು ಹಾಕಿದ ಇನ್ನೊಂದು ಬಂಡವಾಳ ಅದು. ಆ್ಯಪಿನ ಕೋಡು ನಿಮ್ಮದಿರಬಹುದು; ಆ ಬಂಡವಾಳ ನಿಮ್ಮದಲ್ಲ. ಅದನ್ನು ಮುಟ್ಟುವ ಮೊದಲು ಕೇಳಬೇಕು.

ಇದು ಹಳ್ಳಿಯವರ, ವಯಸ್ಸಾದವರ ತೊಂದರೆ ಎಂದು ಬದಿಗಿಡಬೇಡಿ. ವಿಂಡೋಸ್ 8 ನಿಮಗೆ ನೆನಪಿರಬೇಕು. 1995ರಿಂದ ಪರದೆಯ ಎಡಮೂಲೆಯಲ್ಲಿದ್ದ ಸ್ಟಾರ್ಟ್ ಬಟನ್ನನ್ನು ಮೈಕ್ರೋಸಾಫ್ಟ್ 2012ರ ಅಕ್ಟೋಬರಿನಲ್ಲಿ ತೆಗೆದುಹಾಕಿತು. ದಿನವಿಡೀ ಕಂಪ್ಯೂಟರಿನಲ್ಲೇ ಕೆಲಸ ಮಾಡುವವರು ಕೂಡ ಅದನ್ನು ಬಂದ್ ಮಾಡುವುದು ಎಲ್ಲಿಂದ ಎಂದು ಹುಡುಕಿದರು. ಮರುವರ್ಷ ಬಟನ್ ಹಿಂತಿರುಗಿತು, 2015ರಲ್ಲಿ ವಿಂಡೋಸ್ 10ರೊಂದಿಗೆ ಮೆನುವೂ ಬಂತು. ಸೋನೋಸ್ ಎಂಬ ಸ್ಪೀಕರ್ ಕಂಪನಿ 2024ರ ಮೇ ತಿಂಗಳಲ್ಲಿ ತನ್ನ ಆ್ಯಪನ್ನು ಪೂರ್ತಿ ಹೊಸದಾಗಿ ಬರೆದು ಬಿಡುಗಡೆ ಮಾಡಿತು. ಅಲಾರಾಂ ಇಡುವ ಸೌಲಭ್ಯದಂಥ ದಿನಬಳಕೆಯ ಸಂಗತಿಗಳೇ ಅದರಲ್ಲಿರಲಿಲ್ಲ. ಕಣ್ಣು ಕಾಣದವರಿಗೂ ಅದು ತೊಡಕಾಯಿತು. ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೇಳಿದರು, 2025ರ ಜನವರಿಯಲ್ಲಿ ಹುದ್ದೆಯನ್ನೂ ಬಿಟ್ಟರು. 2025ರ ಆಗಸ್ಟ್‌ನಲ್ಲಿ ನಮ್ಮ ದೇಶದ ಅಸಂಖ್ಯ ಆಂಡ್ರಾಯ್ಡ್ ಫೋನುಗಳಲ್ಲಿ ಕರೆ ಮಾಡುವ, ಕರೆ ಸ್ವೀಕರಿಸುವ ಪರದೆಯೇ ಬದಲಾಯಿತು. ಗೂಗಲ್ ತನ್ನ ಫೋನ್ ಆ್ಯಪಿಗೆ ಹೊಸ ವಿನ್ಯಾಸ ತೊಡಿಸಿತ್ತು. ಫೋನಿನ ಅತಿ ಹಳೆಯ ಕೆಲಸವೆಂದರೆ ಕರೆ ಎತ್ತುವುದು. ಅದನ್ನೂ ಜನ ಹೊಸದಾಗಿ ಕಲಿಯಬೇಕಾಯಿತು.

ವೃತ್ತಿಪರರೂ ಇದರಿಂದ ತಪ್ಪಿಸಿಕೊಳ್ಳಲಾರರು ಎನ್ನುವುದಕ್ಕೆ ಒಂದು ದುರಂತವೇ ಸಾಕ್ಷಿ. 2017ರ ಆಗಸ್ಟ್‌ನಲ್ಲಿ ಅಮೆರಿಕದ ನೌಕಾಪಡೆಯ ಜಾನ್ ಎಸ್. ಮೆಕೇನ್ ಎಂಬ ಯುದ್ಧನೌಕೆ ಸಿಂಗಪುರದ ಬಳಿ ತೈಲ ಸಾಗಿಸುವ ಹಡಗಿಗೆ ಡಿಕ್ಕಿ ಹೊಡೆಯಿತು. ಹತ್ತು ಮಂದಿ ನಾವಿಕರು ಸತ್ತರು. ಚುಕ್ಕಾಣಿಯ ನಿಯಂತ್ರಣ ಒಂದು ಟಚ್ ಪರದೆಯಿಂದ ಇನ್ನೊಂದಕ್ಕೆ ದಾಟಿಹೋಗಿದ್ದರೂ ಅದು ಅಲ್ಲಿದ್ದವರಿಗೆ ತಿಳಿಯಲಿಲ್ಲ. ಚುಕ್ಕಾಣಿಯೇ ಕೆಟ್ಟಿತೆಂದು ಅವರು ಭಾವಿಸಿದರು. ತರಬೇತಿಯ ಕೊರತೆಯ ಜೊತೆಗೆ ಆ ಪರದೆಗಳ ವಿನ್ಯಾಸವನ್ನೂ ತನಿಖಾ ವರದಿ ದೂರಿತು. ನೌಕಾಪಡೆ 2019ರಲ್ಲಿ, ವೇಗ ನಿಯಂತ್ರಿಸಲು ಕೈಯಲ್ಲಿ ಹಿಡಿಯುವ ಹಿಡಿಕೆಗಳನ್ನೇ ಮತ್ತೆ ಅಳವಡಿಸಲು ನಿರ್ಧರಿಸಿತು. ಕಾರುಗಳ ಸುರಕ್ಷತೆಗೆ ತಾರೆ ಕೊಡುವ ಯುರೋ ಎನ್‌ಕ್ಯಾಪ್ ಕೂಡ 2026ರಿಂದ ಹಾರ್ನ್, ವೈಪರ್, ಇಂಡಿಕೇಟರುಗಳಿಗೆ ಪರದೆಯ ಚಿತ್ರಗಳ ಬದಲು ಕೈಗೆ ಸಿಗುವ ಗುಂಡಿ, ಕಡ್ಡಿಗಳಿರಲಿ ಎನ್ನುತ್ತಿದೆ. ಕಣ್ಣು ರಸ್ತೆಯ ಮೇಲಿರುವಾಗ ಕೈ ತಾನಾಗಿ ಹೋಗಬೇಕಾದ ಜಾಗ ಅಲುಗಾಡಬಾರದು ಎಂಬುದು ಅವರು ಕಷ್ಟಪಟ್ಟು ಕಲಿತ ಪಾಠ.

ನಿಮ್ಮ ಉತ್ತರ ನನಗೆ ಗೊತ್ತಿದೆ: ಅಪ್‌ಡೇಟ್ ಮಾಡದಿದ್ದರೆ ಕಳ್ಳರು ನುಗ್ಗುತ್ತಾರೆ. ಈ ಮಾತನ್ನು ನಾನು ನಿಮಗಿಂತ ಜೋರಾಗಿ ಹೇಳುತ್ತೇನೆ, ದಿನವೂ ಹೇಳುತ್ತೇನೆ. 2017ರ ಮಾರ್ಚ್ 14ರಂದೇ ಮೈಕ್ರೋಸಾಫ್ಟ್ ವಿಂಡೋಸಿನ ಒಂದು ದೋಷಕ್ಕೆ ತೇಪೆ ಕಳಿಸಿತ್ತು. ಅದನ್ನು ಹಾಕಿಕೊಳ್ಳದೆ ಬಿಟ್ಟ ಕಂಪ್ಯೂಟರುಗಳಿಗೆ ಮೇ 12ರಂದು ವಾನಾಕ್ರೈ ಎಂಬ ಪಿಡುಗು ತಗುಲಿತು. ಕಡತಗಳಿಗೆ ಬೀಗ ಹಾಕಿ ಸುಲಿಗೆಯ ಹಣ ಕೇಳುವ ಅದು ನೂರೈವತ್ತು ದೇಶಗಳನ್ನು ಕಾಡಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಎರಡು ತಿಂಗಳ ಸಮಯವಿದ್ದರೂ ಅಷ್ಟೊಂದು ಜನ ತೇಪೆ ಏಕೆ ಹಾಕಿಕೊಳ್ಳಲಿಲ್ಲ? ಕಾರಣ ಹಲವು. ಅದರಲ್ಲೊಂದನ್ನು ನನ್ನ ಬೆಂಚಿನ ಮೇಲೆ ಕೂತವರು ದಿನವೂ ಹೇಳುತ್ತಾರೆ: 'ಬೇಡಕ್ಕ, ಅಪ್‌ಡೇಟ್ ಮಾಡಿದರೆ ಎಲ್ಲ ಬದಲಾಗಿಬಿಡುತ್ತೆ.'

ಈ ಭಯವನ್ನು ಹುಟ್ಟಿಸಿದವರು ನೀವು. ರಕ್ಷಣೆಯ ತೇಪೆಯನ್ನೂ ಹೊಸ ಬಣ್ಣದ ವೇಷವನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ ಕಳಿಸಿದಿರಿ. ವೇಷ ಬೇಡವೆಂದವರು ತೇಪೆಯನ್ನೂ ಕಳೆದುಕೊಂಡರು. ತೇಪೆ ಬೇಕೆಂದವರ ತಲೆಗೆ ವೇಷವನ್ನೂ ಕಟ್ಟಲಾಯಿತು.

ಇದರ ಇನ್ನೊಂದು ಫಲವನ್ನು ಮೋಸಗಾರರು ಉಣ್ಣುತ್ತಿದ್ದಾರೆ. ಓದದೆ 'ಅಪ್‌ಡೇಟ್' ಒತ್ತಿ, 'ಅಲೌ' ಒತ್ತಿ, 'ಮುಂದುವರಿಸಿ' ಒತ್ತಿ ಎಂದು ವರ್ಷಗಟ್ಟಲೆ ಜನರ ಬೆರಳಿಗೆ ಕಲಿಸಿದ್ದೀರಿ. ಈಗ ವಾಟ್ಸ್ಆ್ಯಪಿನಲ್ಲಿ ಮದುವೆಯ ಕರೆಯೋಲೆಯ ಹೆಸರಿನಲ್ಲಿ, ಟ್ರಾಫಿಕ್ ದಂಡದ ಚಲನ್ ಹೆಸರಿನಲ್ಲಿ ಬರುವ, ಒತ್ತಿದರೆ ಫೋನಿನಲ್ಲಿ ಆ್ಯಪ್ ಕೂರಿಸುವ ಎಪಿಕೆ ಕಡತಗಳೂ ಅವೇ ಬಟನ್ನುಗಳನ್ನು ತೋರಿಸುತ್ತವೆ. ಕೆವೈಸಿ ಅಪ್‌ಡೇಟ್ ಮಾಡದಿದ್ದರೆ ಖಾತೆ ಬಂದ್ ಎಂಬ ಬೆದರಿಕೆಯೂ ಬರುತ್ತದೆ. ಬ್ಯಾಂಕಿನ ಆ್ಯಪಿನ ಮುಖ ಪದೇಪದೇ ಬದಲಾಗುತ್ತಿದ್ದರೆ ಅಸಲಿ ಯಾವುದು, ನಕಲಿ ಯಾವುದು ಎಂದು ಗುರುತಿಸುವುದು ಹೇಗೆ? 'ಇದು ಬೇರೆ ಥರ ಕಾಣ್ತಿದೆ, ಏನೋ ಮೋಸ ಇದೆ' ಎಂಬ ಅನುಮಾನವೇ ಸಾಮಾನ್ಯರಿಗಿರುವ ಮೊದಲ ಕಾವಲು. ದುಡ್ಡು ಹೋದ ಮೇಲೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿಸುವುದು ನನ್ನ ಪಾಲಿಗೆ ಬರುತ್ತದೆ. ಆ ಹೊತ್ತಿನಲ್ಲಿ ಎದುರು ಕೂತವರ ಮುಖ ನೋಡುವುದು ಸುಲಭವಲ್ಲ.

ಬದಲಾವಣೆಗೆ ಸಕಾರಣವಿದ್ದಾಗಲೂ ಹೇಳದೆ ಮಾಡಿದರೆ ಅದು ಮೋಸದಂತೆಯೇ ಕಾಣುತ್ತದೆ. 2017ರ ಡಿಸೆಂಬರಿನಲ್ಲಿ ಆ್ಯಪಲ್ ಒಂದು ಸಂಗತಿಯನ್ನು ಒಪ್ಪಿಕೊಂಡಿತು: ಬ್ಯಾಟರಿ ಸವೆದ ಹಳೆಯ ಐಫೋನುಗಳ ವೇಗವನ್ನು ಅಪ್‌ಡೇಟಿನ ಮೂಲಕ ತಗ್ಗಿಸಲಾಗಿತ್ತು. ಫೋನು ಹಠಾತ್ತನೆ ಆರಿಹೋಗದಿರಲಿ ಎಂಬುದು ಉದ್ದೇಶ. ಎಂಜಿನಿಯರಿನ ಲೆಕ್ಕದಲ್ಲಿ ಅದು ಸರಿಯೇ ಇರಬಹುದು. ಆದರೆ ಗಿರಾಕಿಗೆ ಹೇಳಲಿಲ್ಲ. ಬ್ಯಾಟರಿ ಬದಲಿಸಿದರೆ ಸಾಕಾಗಿದ್ದ ಎಷ್ಟೋ ಜನ ಫೋನೇ ಹಳೆಯದಾಯಿತೆಂದು ಹೊಸದು ಕೊಂಡರು. ಫ್ರಾನ್ಸ್ 2020ರಲ್ಲಿ ವಿಧಿಸಿದ ಎರಡೂವರೆ ಕೋಟಿ ಯೂರೋ ದಂಡ, ಈ ವಿಷಯವನ್ನು ಗಿರಾಕಿಗಳಿಂದ ಮುಚ್ಚಿಟ್ಟದ್ದಕ್ಕೆ.

ಹಾಗಾದರೆ ಏನೂ ಬದಲಾಗಬಾರದೇ? ಬದಲಾಗಲಿ. ಒಳಗೆಲ್ಲ ಬದಲಾದರೂ ಕೈಗೆ ಕಷ್ಟ ಕೊಡದಿರಲು ಸಾಧ್ಯ ಎಂಬುದಕ್ಕೆ ನಾನು ದಿನವೂ ಬೆರಳಿಡುವ ಕೀಲಿಮಣೆಯೇ ಸಾಕ್ಷಿ. ಕನ್ನಡದ ಧ್ವನಿಗೆ ಹೊಂದುವಂತೆ ಕೆ.ಪಿ. ರಾವ್ ರೂಪಿಸಿದ ಕೀಲಿವಿನ್ಯಾಸವನ್ನು ಕರ್ನಾಟಕ ಸರ್ಕಾರ ಅಧಿಕೃತವಾಗಿ ಒಪ್ಪಿತು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಅದನ್ನು ಊರೂರಿನ ಡಿಟಿಪಿ ಅಂಗಡಿಗೆ, ಸರ್ಕಾರಿ ಕಚೇರಿಗೆ ಮುಟ್ಟಿಸಿತು. ಅಲ್ಲಿಂದೀಚೆಗೆ ಕಂಪ್ಯೂಟರಿನೊಳಗೆ ಕನ್ನಡ ಕೂರುವ ರೀತಿಯೇ ಬದಲಾಗಿದೆ. ಆಗ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳಿದ್ದವು, ಈಗ ಯೂನಿಕೋಡ್ ಇದೆ. ಇಷ್ಟು ದೊಡ್ಡ ಬದಲಾವಣೆಯಾದರೂ 'ಕ'ಗೆ ಒತ್ತುವ ಕೀಲಿ ಕದಲಲಿಲ್ಲ. ಕಣ್ಣು ಪ್ರತಿಯ ಮೇಲಿಟ್ಟು ಟೈಪು ಮಾಡುತ್ತಿದ್ದವರು ಇವತ್ತೂ ಹಾಗೆಯೇ ಮಾಡುತ್ತಾರೆ. ಒಳಗಿನ ಎಂಜಿನ್ನು ಬದಲಾಯಿಸಿ, ಹೊರಗಿನ ಕೈಯ ರೂಢಿಯನ್ನು ಉಳಿಸಿದ ಇಂಥ ಕೆಲಸವನ್ನು ನಾನು ದೊಡ್ಡ ಎಂಜಿನಿಯರಿಂಗ್ ಎನ್ನುತ್ತೇನೆ.

ಅದೇ ಬದಲಾವಣೆಯ ಇನ್ನೊಂದು ಮುಖವೂ ಪಾಠವೇ. ಹಳೆಯ ಫಾಂಟಿನಲ್ಲಿ ಮಾಡಿಟ್ಟ ಕನ್ನಡದ ಕಡತಗಳು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಕನ್ನಡದ ಪುಟ ಕಟ್ಟುವವರು ಬಹುಕಾಲ ನೆಚ್ಚಿದ ಪೇಜ್‌ಮೇಕರಿನ ಕೊನೆಯ ದೊಡ್ಡ ಆವೃತ್ತಿ 7.0 ಬಂದದ್ದು 2001ರಲ್ಲಿ. ಆಮೇಲೆ ಅದು ಬೆಳೆಯಲಿಲ್ಲ, ಆದರೆ ಅದರಲ್ಲಿ ಕಟ್ಟಿದ ಪುಸ್ತಕಗಳು, ಅಭಿನಂದನ ಗ್ರಂಥಗಳು, ಸ್ಮರಣ ಸಂಚಿಕೆಗಳು ಉಳಿದಿವೆ. ಅವನ್ನು ತೆರೆಯಲೆಂದೇ ಒಂದು ಹಳೆಯ ಕಂಪ್ಯೂಟರನ್ನು ಮೂಲೆಯಲ್ಲಿ ಜೋಪಾನವಾಗಿಟ್ಟಿರುವ ಅಂಗಡಿಗಳಿವೆ. ಹೊಸತು ತರುವಾಗ ಹಳೆಯ ಕಡತ ತೆರೆಯುವ ದಾರಿ ಮುಚ್ಚಿದರೆ ಅಪ್‌ಡೇಟು ಒಂದು ಭಾಷೆಯ ಕಾಗದಪತ್ರಗಳನ್ನೇ ನುಂಗಬಲ್ಲದು.

ಜನರನ್ನು ಕೂತು ನೋಡಿ ಮಾಡಿದ ಕೆಲಸ ಹೇಗಿರುತ್ತದೆ ಎಂಬುದಕ್ಕೂ ಉದಾಹರಣೆ ನಮ್ಮ ಬೀದಿಯಲ್ಲೇ ಇದೆ. ತರಕಾರಿ ಗಾಡಿಯ ಮೇಲಿನ ಪುಟ್ಟ ಪೆಟ್ಟಿಗೆ ಬಂದ ಹಣವನ್ನು ಕನ್ನಡದಲ್ಲೇ ಕೂಗಿ ಹೇಳುತ್ತದೆ. ಪರದೆಯಿಲ್ಲ, ಮೆನುವಿಲ್ಲ. ಒದ್ದೆ ಕೈಯಲ್ಲಿ ತೂಕ ಮಾಡುವವರು ಫೋನು ಮುಟ್ಟಲಾರರು ಎಂಬುದನ್ನು ಯಾರೋ ಗಮನಿಸಿದ್ದಾರೆ. ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ಆರಂಭಿಸಿದ ಯುಪಿಐ 123ಪೇ ಕೂಡ ಕೀಪ್ಯಾಡ್ ಫೋನಿನವರನ್ನು ಮರೆಯಲಿಲ್ಲ. ನಿಮಗೆ ಮಾಡಲು ಬರುವುದಿಲ್ಲವೆಂದಲ್ಲ. ಬರುತ್ತದೆ ಎಂದು ಗೊತ್ತಿರುವುದರಿಂದಲೇ ಕೇಳುತ್ತಿದ್ದೇನೆ.

ನಿಮ್ಮ ಕಷ್ಟವೂ ನನಗೆ ಸ್ವಲ್ಪ ಗೊತ್ತು. ಅಂಗಡಿಯಲ್ಲಿ ಅರ್ಜಿ ತುಂಬಿ ಬೆಂಗಳೂರು ಸೇರಿದ ಹುಡುಗರು ಹಬ್ಬಕ್ಕೆ ಬಂದಾಗ ಹೇಳುತ್ತಾರೆ. ಹೊಸದೊಂದನ್ನು ಬಿಡುಗಡೆ ಮಾಡಿದವರಿಗೆ ಬಡ್ತಿ ಸಿಗುತ್ತದೆ. ಇದ್ದದ್ದನ್ನು ಹಾಗೇ ಚೆನ್ನಾಗಿ ಕಾಪಾಡಿಕೊಂಡವರನ್ನು ಯಾರೂ ಕೇಳುವುದಿಲ್ಲ. ಪರದೆಯ ಮೇಲೆ ಜನ ಎಷ್ಟು ಹೊತ್ತು ಕಳೆದರು ಎಂದು ಅಳೆಯುತ್ತಾರೆ, ಆ ಹೊತ್ತು ದಾರಿ ತಪ್ಪಿ ಹುಡುಕಾಡಿದ್ದೇ ಎಂದು ಕೇಳುವುದಿಲ್ಲ. ಸಾಲದ ಜಾಹೀರಾತಿನ ಮೇಲೆ ಬಿದ್ದ ಬೆರಳನ್ನು ಯಶಸ್ಸು ಎಂದು ಎಣಿಸುತ್ತಾರೆ. ಆ ಬೆರಳುಗಳಲ್ಲೊಂದು ಗೃಹಲಕ್ಷ್ಮಿ ದುಡ್ಡು ಹುಡುಕುತ್ತಿತ್ತು ಎಂದು ನಿಮ್ಮ ಲೆಕ್ಕದ ಹಾಳೆ ಹೇಳುವುದಿಲ್ಲ. ಅದಕ್ಕಾಗಿಯೇ ನಾನು ಹೇಳಬೇಕಾಯಿತು.

ಕಾನೂನೂ ಈ ಕಡೆ ತಿರುಗಿದೆ ಎಂಬುದು ನಿಮಗೆ ತಿಳಿದಿರಲಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ, ಗಿರಾಕಿಯನ್ನು ವಿನ್ಯಾಸದ ಮೂಲಕ ದಾರಿ ತಪ್ಪಿಸುವ ಹದಿಮೂರು ಬಗೆಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಬೇಡವೆಂದರೂ ಪೀಡಿಸುವುದು, ಬಲವಂತದಿಂದ ಮಾಡಿಸುವುದು, ಜಾಹೀರಾತಿಗೆ ಬೇರೆ ವೇಷ ತೊಡಿಸುವುದು ಆ ಪಟ್ಟಿಯಲ್ಲಿವೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟುಕಬೇಕಾದದ್ದು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ತೀರ್ಪು ಕೊಟ್ಟಿದೆ. ಕೆವೈಸಿ ಪ್ರಕ್ರಿಯೆ ದೃಷ್ಟಿದೋಷವುಳ್ಳವರಿಗೂ ಆ್ಯಸಿಡ್ ದಾಳಿಗೆ ತುತ್ತಾದವರಿಗೂ ಸಾಧ್ಯವಾಗುವಂತಿರಬೇಕು ಎಂದಿದೆ. ಆದರೆ ನಾನು ಕಾನೂನಿನ ಬೆತ್ತ ಹಿಡಿದು ಬಂದಿಲ್ಲ. ಸೌಜನ್ಯದಿಂದಲೇ ಆಗಬಹುದಾದ ಆರು ಕೆಲಸಗಳನ್ನು ಕೇಳಿಕೊಳ್ಳುತ್ತೇನೆ.

ಮೊದಲನೆಯದು ಮತ್ತು ಎಲ್ಲಕ್ಕಿಂತ ದೊಡ್ಡದು: ರಕ್ಷಣೆಯ ತೇಪೆಯನ್ನು ರೂಪದ ಬದಲಾವಣೆಯಿಂದ ಬೇರ್ಪಡಿಸಿ. ತೇಪೆಯನ್ನು ಸದ್ದಿಲ್ಲದೆ ಕಳಿಸಿ, ಯಾರೂ ತಕರಾರು ಮಾಡುವುದಿಲ್ಲ. ಹೊಸ ರೂಪವನ್ನು ಮಾತ್ರ ಕೇಳಿ ಕಳಿಸಿ.

ಎರಡನೆಯದು: 'ಆಮೇಲೆ ನೆನಪಿಸು' ಎಂಬುದರ ಪಕ್ಕದಲ್ಲಿ 'ಬೇಡ' ಎಂಬ ಬಟನ್ನೂ ಇರಲಿ. ಹೊಸದಕ್ಕೆ ಹೋದವರಿಗೆ ಕನಿಷ್ಠ ಒಂದು ವರ್ಷ ಹಳೆಯ ರೂಪಕ್ಕೆ ಮರಳುವ ದಾರಿ ಇರಲಿ, ಅದು ಸೆಟ್ಟಿಂಗ್ಸಿನ ಆಳದಲ್ಲಿ ಅಡಗದೆ ಮೊದಲ ಪುಟದಲ್ಲೇ ಕಾಣಲಿ.

ಮೂರನೆಯದು: ಕರೆ ಎತ್ತುವುದು, ಕರೆ ಕಡಿಯುವುದು, ಹಣ ಕಳಿಸುವುದು, ಬ್ಯಾಲೆನ್ಸ್ ನೋಡುವುದು, ತುರ್ತು ಸಹಾಯ ಕೇಳುವುದು, ಇವುಗಳ ಜಾಗ ಕದಲಿಸಬೇಡಿ. ಕದಲಿಸಲೇಬೇಕಾದರೆ ಖಾಲಿಯಾದ ಜಾಗದಲ್ಲಿ ಜಾಹೀರಾತು ಕೂರಿಸಬೇಡಿ. ರೂಢಿಯಿಂದ ಬಂದ ಬೆರಳು ಕೆಲವು ತಿಂಗಳು ಅಲ್ಲಿಗೇ ಬರುತ್ತದೆ, ಅದನ್ನು ಮಾರಾಟಕ್ಕೆ ಬಳಸುವುದು ನ್ಯಾಯವಲ್ಲ.

ನಾಲ್ಕನೆಯದು: ಬದಲಾವಣೆಗೆ ಮುಂಚೆ ಎರಡು ಸಾಲು ಕನ್ನಡದಲ್ಲಿ ಹೇಳಿ. ಯಾವುದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾವತ್ತಿನಿಂದ, ಎಷ್ಟು ಡೇಟಾ, ಎಷ್ಟು ಜಾಗ ಬೇಕು ಎಂದು ತಿಳಿಸಿ. ಓದು ಬಾರದವರಿಗೆ ಅದನ್ನೇ ಓದಿ ಹೇಳುವ ಧ್ವನಿ ಇರಲಿ. ಕನ್ನಡ ಆರಿಸಿಕೊಂಡವರ ಆ್ಯಪು ಅಪ್‌ಡೇಟಾದ ಮೇಲೂ ಕನ್ನಡದಲ್ಲೇ ಇರಲಿ.

ಐದನೆಯದು: ಬಿಡುಗಡೆಗೆ ಮುಂಚೆ ಎಂಟು ಸಾವಿರದ, ಜಾಗ ತುಂಬಿದ, ಗಾಜು ಸೀಳಿದ ಫೋನಿನಲ್ಲಿ, ಬಿಸಿಲಿನಲ್ಲಿ ನಿಂತು ಪರೀಕ್ಷಿಸಿ. ಟಾಕ್‌ಬ್ಯಾಕ್ ಹಾಕಿ, ಕಣ್ಣು ಮುಚ್ಚಿ, ನೂರು ರೂಪಾಯಿ ಕಳಿಸಿ ನೋಡಿ. ಹೆಸರಿಲ್ಲದ ಒಂದು ಬಟನ್ ಉಳಿದಿದ್ದರೂ ಬಿಡುಗಡೆಯನ್ನು ತಡೆಯಿರಿ. ವರ್ಷಕ್ಕೊಮ್ಮೆಯಾದರೂ ನಮ್ಮಂಥ ಅಂಗಡಿಯಲ್ಲಿ ಒಂದು ದಿನ ಕೂತು ಹೋಗಿ. ಕುರ್ಚಿ, ಕಾಫಿ ನನ್ನ ಲೆಕ್ಕ.

ಆರನೆಯದು: ಆಯುಸ್ಸನ್ನು ಮೊದಲೇ ಹೇಳಿ. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 2017ಕ್ಕಿಂತ ಹಿಂದಿನ ಬಹುತೇಕ ಪ್ರೊಸೆಸರುಗಳು ವಿಂಡೋಸ್ 11ರ ಅರ್ಹತೆಯ ಪಟ್ಟಿಯಲ್ಲಿಲ್ಲ. ಸರಿಯಾಗಿ ಕೆಲಸ ಮಾಡುವ ಕಂಪ್ಯೂಟರನ್ನು ಗುಜರಿಗೆ ಹಾಕುವುದೇ ಎಂದು ಎಷ್ಟೋ ಜನ ಯೋಚಿಸುತ್ತಿದ್ದಾರೆ. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಒಂದು ನಿಯಮ ಜಾರಿಯಲ್ಲಿದೆ: ಫೋನಿನ ಮಾದರಿಯೊಂದು ಮಾರುಕಟ್ಟೆಗೆ ಬರುವುದು ನಿಂತ ಮೇಲೂ ಕನಿಷ್ಠ ಐದು ವರ್ಷ ಅದರ ತಂತ್ರಾಂಶದ ಅಪ್‌ಡೇಟುಗಳು ಸಿಗುತ್ತಿರಬೇಕು. ತಿಪಟೂರಿನ ಗಿರಾಕಿಗೂ ಅಷ್ಟೇ ಮರ್ಯಾದೆ ಸಿಗಲಿ. ಪೆಟ್ಟಿಗೆಯ ಮೇಲೆ ಬೆಲೆಯ ಪಕ್ಕದಲ್ಲೇ, ಯಾವ ವರ್ಷದವರೆಗೆ ರಕ್ಷಣೆಯ ತೇಪೆ ಬರುತ್ತದೆ ಎಂದು ಅಚ್ಚು ಹಾಕಿಸಿ.

ಇದರಲ್ಲಿ ಯಾವುದೂ ನಾಳೆ ಬೆಳಿಗ್ಗೆಯೇ ಆಗುವುದಿಲ್ಲ, ನಿಮ್ಮೊಬ್ಬರಿಂದಲೇ ಆಗುವುದೂ ಇಲ್ಲ. ಆದರೆ ಮುಂದಿನ ಮೀಟಿಂಗಿನಲ್ಲಿ ಹೊಸ ರೂಪದ ಚಿತ್ರಗಳು ಗೋಡೆಯ ಮೇಲೆ ಮೂಡಿ ಎಲ್ಲರೂ ತಲೆಯಾಡಿಸುವಾಗ, ನೀವು ಕೈಯೆತ್ತಿ ಒಂದು ಪ್ರಶ್ನೆ ಕೇಳಬಹುದು: 'ಇದನ್ನು ಮತ್ತೆ ಕಲಿಯುವ ಕೂಲಿಯನ್ನು ಯಾರು ಕೊಡುತ್ತಾರೆ?' ಉತ್ತರ 'ಬಳಸುವವರು' ಎಂದಾದರೆ, ಅವರನ್ನು ಒಂದು ಮಾತು ಕೇಳುವವರೆಗೆ ಆ ಬದಲಾವಣೆ ತಡೆದು ನಿಲ್ಲಲಿ. ಕೇಳಿದರೆ ಬಹಳಷ್ಟು ಸಲ ನಾವು ಒಪ್ಪಿಕೊಳ್ಳುತ್ತೇವೆ. ಹೊಸದನ್ನು ಬೇಡವೆನ್ನುವ ಜನ ನಾವಾಗಿದ್ದರೆ ನಿಮ್ಮ ಆ್ಯಪುಗಳು ನಮ್ಮ ಊರಿನವರೆಗೆ ಬರುತ್ತಲೇ ಇರಲಿಲ್ಲ.

ನಿಮ್ಮಿಂದ ಉತ್ತರಕ್ಕಿಂತ ಹೆಚ್ಚಾಗಿ ಕ್ರಮವನ್ನು ನಿರೀಕ್ಷಿಸುತ್ತೇನೆ.



ಇಂತಿ ತಮ್ಮ ವಿಶ್ವಾಸಿ,
ಡಿಟಿಪಿ ಮತ್ತು ಆನ್‌ಲೈನ್ ಸೇವಾ ಅಂಗಡಿಯೊಂದರ ಮಾಲೀಕಳು
ತಿಪಟೂರು, ತುಮಕೂರು ಜಿಲ್ಲೆ